ಊರತುಂಬೆ, ಕಲ್ಲುತುಂಬೆ

ವನಿತಾ ಮೇಡಂ ಮಹಡಿ ಮೇಲೆ ಒಣಹಾಕಿದ್ದ ದುಪಟ್ಟ ಗಾಳಿಗೆ ಹಾರದೇ ಇದ್ದಿದ್ದರೆ ರಾಮಚಂದ್ರಪ್ಪನ ಕೊಟ್ಟಿಗೆ ಅವತ್ತೇ ಸಂಜೆಗೆ ಎದ್ದು ನಿಲ್ಲುತ್ತಿತ್ತು.

ದುಪಟ್ಟ ಹಾರಿತು. ಹಾರಿ ಬಿದ್ದದ್ದು ರಾಮಚಂದ್ರಪ್ಪನ ಮನೆಗೂ ಪಕ್ಕದ ಪಾಪಕ್ಕನ ಮನೆಗೂ ನಡುವಿನ ಖಾಲಿ ಜಾಗದಲ್ಲಿ, ಮೂಲೆಯಲ್ಲಿ ಮೊಣಕಾಲು ಮೀರಿ ಬೆಳೆದು ಬೆಳ್ಳಗೆ ಹೂ ಬಿಟ್ಟಿದ್ದ ಒಂದು ತುಂಬೆಗಿಡದ ಮೇಲೆ. ಮೇಡಂ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ಪಾಪಕ್ಕನ ಮಹಡಿಯಲ್ಲಿ ಬಾಡಿಗೆಗಿದ್ದರು. ಭಾನುವಾರ ಬೆಳಿಗ್ಗೆ ದುಪಟ್ಟ ಎತ್ತಿಕೊಳ್ಳಲು ಇಳಿದು ಬಂದವರು ಅದನ್ನು ಎತ್ತಿಕೊಳ್ಳುವುದು ಬಿಟ್ಟು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಫೋನು ತೆಗೆದು ಮೇಲಿಂದ, ಕೆಳಗಿಂದ, ಎಲೆ ಮಗುಚಿ ಹಿಂದಿನಿಂದ ಫೋಟೊ ತೆಗೆದರು. ಅವನ್ನು ಗಿಡಮರಗಳ ಒಂದು ವಾಟ್ಸಾಪ್ ಗುಂಪಿಗೆ ಹಾಕಿ ಮಹಡಿ ಹತ್ತುವಷ್ಟರಲ್ಲಿ ಉತ್ತರ ಬಂದಿತ್ತು: ಇದು ಕಲ್ಲುತುಂಬೆ ಇರಬಹುದು, ದಯವಿಟ್ಟು ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಅದೇ ಹೊತ್ತಿಗೆ ರಾಮಚಂದ್ರಪ್ಪ ಗುದ್ದಲಿಗೆ ಹಿಡಿ ಬಿಗಿಮಾಡುತ್ತಿದ್ದ.

ಅವನ ಊರು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಒಂದಿಷ್ಟು ರಾಗಿ, ಒಂದಿಷ್ಟು ಟೊಮೇಟೊ, ಎರಡು ಸೀಮೆಹಸು. ರಾಗಿ ಹೊಟ್ಟೆಗೆ, ಟೊಮೇಟೊ ಅದೃಷ್ಟಕ್ಕೆ; ಸಂಸಾರ ನಡೆಯುತ್ತಿದ್ದದ್ದು ಹಸುಗಳಿಂದ. ಆ ಹಸುಗಳಿಗೆ ಮಾತ್ರ ತಲೆಮೇಲೊಂದು ಸೂರಿರಲಿಲ್ಲ. ಹೋದ ವರ್ಷದ ಹಿಂಗಾರಿನಲ್ಲಿ ಕೆಸರಿನಲ್ಲೇ ಮಲಗಿ ಮಲಗಿ ಅವುಗಳಲ್ಲಿ ಕೆಂದಿ ಎಂಬುದಕ್ಕೆ ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿಯೇ ಹೋಯಿತು. ಇನ್ನೊಂದು ಸಲ ಹೀಗಾದರೆ ಹಾಲಿನ ಆಸೆ ಬಿಟ್ಟುಬಿಡು ಎಂದು ದನದ ಡಾಕ್ಟರು ಹೇಳಿ ಹೋಗಿದ್ದರು. ಈ ವರ್ಷದ ಮೋಡ ಆಗಲೇ ಆಂಧ್ರದ ಕಡೆಯಿಂದ ಕಪ್ಪಗೆ ಏಳುತ್ತಿತ್ತು.

ಕೊಟ್ಟಿಗೆ ಎಂದರೆ ದೊಡ್ಡದೇನಲ್ಲ. ಗಿಡ್ಡ ಗೋಡೆ, ನಾಲ್ಕು ಕಬ್ಬಿಣದ ಕಂಬ, ಮೇಲೆ ತಗಡಿನ ಶೀಟು. ಕಷ್ಟವಿದ್ದದ್ದು ಮೇಸ್ತ್ರಿ ಸಿಗುವುದರಲ್ಲಿ. ಚಿನ್ನದ ಗಣಿ ಕಡೆಯ ಊರಿಗಾಂನ ತಮಿಳ ಕುಪ್ಪುಸ್ವಾಮಿ ಗೋಡೆ ಎತ್ತಿದರೆ ಗೆರೆ ಎಳೆದ ಹಾಗಿರುತ್ತಿತ್ತು, ಆದರೆ ಅವನನ್ನು ಹಿಡಿಯುವುದು ಒದ್ದೆ ಸೋಪು ಹಿಡಿದ ಹಾಗೆ. ಯುಗಾದಿಯಿಂದ ಬೆನ್ನುಬಿದ್ದ ಮೇಲೆ ಈ ಒಂದು ಭಾನುವಾರ ಕೊಟ್ಟಿದ್ದ. ಸೋಮವಾರ ಹೊಸೂರಿನ ದೊಡ್ಡ ಕಟ್ಟಡದ ಕೆಲಸಕ್ಕೆ ಹೊರಟರೆ ಸಂಕ್ರಾಂತಿವರೆಗೆ ಈ ಕಡೆ ತಲೆಹಾಕುವವನಲ್ಲ.

ಕುಪ್ಪುಸ್ವಾಮಿ ಗೂಟ ನೆಟ್ಟು ಅಳತೆಗೆ ದಾರ ಕಟ್ಟಿದ. ಇಬ್ಬರೂ ಸೇರಿ ಮೂರು ಕಡೆ ಪಾಯ ತೋಡಿದರು. ಉಳಿದದ್ದು ತುಂಬೆಗಿಡವಿದ್ದ ಮೂಲೆ.

"ಅಣ್ಣೇ, ಇಲ್ಲಿ ಒಂದು ಗಿಡ ಐತೆ. ಎತ್ಬುಡ್ಲಾ" ಎಂದ ಕುಪ್ಪುಸ್ವಾಮಿ.

"ತುಂಬೆಗಿಡಕ್ಕೆ ಏನ್ ಮುಹೂರ್ತ ಕೇಳ್ತೀಯಾ. ಎತ್ತಾಕು."

ಗುದ್ದಲಿ ಮೇಲೇರಿತು.

"ರಾಮಚಂದ್ರಪ್ಪನೋರೇ, ನಿಲ್ಸಿ. ಅದನ್ನ ಮುಟ್ಬೇಡಿ" ಎಂದು ಮಹಡಿಯಿಂದ ಕೂಗು ಬಂತು.

ರಾಮಚಂದ್ರಪ್ಪ ಹಾವು ಎಂದುಕೊಂಡು ಹಿಂದಕ್ಕೆ ಹಾರಿದ. ಕುಪ್ಪುಸ್ವಾಮಿ ಅವನಿಗಿಂತ ದೂರ ಹಾರಿದ. ಮೇಡಂ ಮೆಟ್ಟಿಲಿಳಿದು ಓಡಿಬಂದು, ಹೆತ್ತ ಮಗುವಿಗೆ ಅಡ್ಡ ನಿಂತ ಹಾಗೆ ಗಿಡಕ್ಕೆ ಅಡ್ಡ ನಿಂತರು.

"ಎಲ್ ಮೇಡಂ ಹಾವು."

"ಹಾವಲ್ಲ, ಗಿಡ. ಇದು ಕಲ್ಲುತುಂಬೆ ಇರಬಹುದು."

"ತುಂಬೆ ಅಂತ ನಂಗೂ ಗೊತ್ತು. ಅದ್ಕೇ ಕಿತ್ತಾಕ್ತಿರೋದು."

ಮೇಡಂ ಕ್ಲಾಸಿನಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ತುಂಬೇಲಿ ಎರಡು ಬಗೆ ನೋಡಿ. ನಾವು ದಿನಾ ನೋಡೋದು ಊರತುಂಬೆ. ಎಲೆ ಸಣ್ಣ. ಹೊಲ, ಬದು, ರಸ್ತೆ ಪಕ್ಕ, ಎಲ್ಲಿ ಬೇಕಾದ್ರೂ ಬರುತ್ತೆ. ಅದಕ್ಕೆ ಯಾವ ಅಪಾಯನೂ ಇಲ್ಲ. ಅದರ ಅಕ್ಕತಂಗಿ ಥರ ಇನ್ನೊಂದಿದೆ, ಕಲ್ಲುತುಂಬೆ. ಹೂವು ಒಂದೇ ಥರ, ಆದ್ರೆ ಎಲೆ ಅಗಲ, ಎಲೆ ಹಿಂದೆ ಬೂದಿ ಬಣ್ಣದ ನವಿರು. ಬಂಡೆ ಸಂದೀಲಿ ಮಾತ್ರ ಬೆಳೆಯುತ್ತೆ. ಅದು ಅಳಿವಿನಂಚಲ್ಲಿದೆ. ಮುಚ್ಚಿದ ಚಿನ್ನದ ಗಣಿ ಇದೆಯಲ್ಲ, ಮೈಸೂರು ಮೈನ್ಸ್, ಯಾವ ಕಾಲದಲ್ಲೋ ಅದರ ಹಿಂದಿನ ಬಂಡೆ ಮೇಲೆ ಕಂಡಿತ್ತಂತೆ. ಆಮೇಲೆ ಹುಡುಕಿದೋರಿಗೆ ಸಿಕ್ಕಿಲ್ಲ."

"ಬಂಡೇಲಿ ಬೆಳೆಯೋದು ನನ್ನ ತಿಪ್ಪೆ ಪಕ್ಕ ಯಾಕೆ ಬತ್ತದೆ ಮೇಡಂ."

"ಅದೇ ವಿಶೇಷ" ಎಂದರು ಮೇಡಂ.

ಆಗ ಪಾಪಕ್ಕನ ಕಿಟಕಿ ತೆರೆಯಿತು. ಪಾಪಕ್ಕ ವಯಸ್ಸಾದ ಹೆಂಗಸು. ತನ್ನ ಕಿಟಕಿಯ ಕೆಳಗೇ ದನ ಕಟ್ಟುತ್ತಾರೆ, ಸಗಣಿ ವಾಸನೆ, ಸೊಳ್ಳೆ ಎಂದು ಸುದ್ದಿ ತಿಳಿದಾಗಿನಿಂದ ಒಳಗೊಳಗೇ ಕುದಿಯುತ್ತಿದ್ದಳು. ಜಾಗ ರಾಮಚಂದ್ರಪ್ಪನದು, ಆಡುವಂತಿರಲಿಲ್ಲ. ಈಗ ಅವಳ ಮುಖ ಒರೆಸಿಟ್ಟ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯಿತು.

"ದೇವರ ಹೂವು ಕಣ್ಲಾ ರಾಮಚಂದ್ರ. ಪರಮೇಶ್ವರನ ತಲೆ ಮೇಲೆ ಏರೋದು. ಅದ್ರ ಮ್ಯಾಲೆ ಗುದ್ದಲಿ ಆಕ್ತೀಯಾ."

"ನಿನ್ನೆ ತನ್ಕ ನೀನೇ ಅದ್ರ ಮೇಲೆ ಪಾತ್ರೆ ತೊಳೆದ ನೀರು ಸುರೀತಿದ್ಯಲ್ಲಕ್ಕಾ."

"ನೀರಾಕಿ ಬೆಳೆಸ್ತಿದ್ದೆ ಅನ್ನು" ಎಂದಳು ಪಾಪಕ್ಕ.

ರಾಮಚಂದ್ರಪ್ಪನಿಗೆ ಮೈಯೆಲ್ಲ ಉರಿಯಿತು. ಜಾಗ ತನ್ನದು. ಗಿಡ ತಾನು ನೆಟ್ಟದ್ದಲ್ಲ, ಕಳೆ. ಕಳೆ ಕೀಳಲು ಊರನ್ನೆಲ್ಲ ಕೇಳಬೇಕಾದ ಕಾಲ ಬಂತೇ ಎಂದು ಇನ್ನೇನು ಕೇಳಬೇಕು, ಅಷ್ಟರಲ್ಲಿ ಪಂಚಾಯ್ತಿ ಮೆಂಬರು ವಿಜಯಕುಮಾರನ ಬೈಕು ಬಂದು ನಿಂತಿತು. ಅವನಿಗೆ ಹೇಳಿದವರು ಯಾರು ಎಂದು ಯಾರೂ ಕೇಳಲಿಲ್ಲ. ಪಾಪಕ್ಕನ ಕೈಯಲ್ಲಿ ಫೋನು ಇನ್ನೂ ಇತ್ತು.

ವಿಜಯಕುಮಾರ ಬಿಳಿ ಶರಟಿನ ತೋಳು ಸರಿಮಾಡಿಕೊಂಡು ಗಿಡದ ಪಕ್ಕ ನಿಂತು ಫೋಟೊ ತೆಗೆಸಿಕೊಂಡ. ಆಮೇಲೆ ಗಿಡ ಯಾವುದು ಎಂದು ಕೇಳಿದ. ತಿಳಿದ ಮೇಲೆ ಇನ್ನೊಂದು ಫೋಟೊ ತೆಗೆಸಿಕೊಂಡ.

"ಅಣ್ಣಾ, ಇದು ನಿನ್ನೊಬ್ಬನ ಸೊತ್ತಲ್ಲ. ನಮ್ಮ ಪಂಚಾಯ್ತಿಗೇ ಹೆಮ್ಮೆ" ಎಂದು, ಬೈಕಿನ ಡಬ್ಬಿಯಿಂದ ಕೆಂಪು ಟೇಪು ತೆಗೆದು ಕುಪ್ಪುಸ್ವಾಮಿ ನೆಟ್ಟಿದ್ದ ಗೂಟಗಳಿಗೇ ಸುತ್ತ ಕಟ್ಟಿದ. ಪಾಯದ ಗುಂಡಿ, ಜಲ್ಲಿ, ಮರಳು, ಇಟ್ಟಿಗೆ ಎಲ್ಲವೂ ಟೇಪಿನ ಒಳಗಾದವು. ಕುಪ್ಪುಸ್ವಾಮಿ ಗಾರೆ ಬಳಿಯುವ ಕರಣೆಯೂ ಒಳಗೇ ಉಳಿಯಿತು.

"ಸಾಯಂಕಾಲ ಸುಮಿತಾ ಮೇಡಂ ಬರ್ತಾರೆ" ಎಂದರು ವನಿತಾ. "ಕೋಲಾರದೋರು, ಗಿಡಗಳ ವಿಷಯದಲ್ಲೇ ಡಾಕ್ಟರೇಟ್ ಮಾಡಿದೋರು. ಅವರು ನೋಡಿ ಹೇಳೋವರೆಗೆ ಇದ್ದ ಹಾಗೇ ಇರ್ಲಿ."

"ಕಳೆಗಿಡ ನೋಡಕ್ಕೆ ಭಾನುವಾರನೂ ಡಾಕ್ಟರು ಓಡಿ ಬತ್ತಾರೆ. ನನ್ನ ಕೆಂದಿ ಕೆಚ್ಚಲು ಊದ್ಕೊಂಡು ಅರಚ್ತಿದ್ದಾಗ ದಿನಗಟ್ಲೆ ಒಬ್ರೂ ಫೋನ್ ಎತ್ಲಿಲ್ಲ" ಎಂದ ರಾಮಚಂದ್ರಪ್ಪ. ವಿಜಯಕುಮಾರ ಟೇಪಿಗೆ ಇನ್ನೊಂದು ಗಂಟು ಹಾಕಿದ.

ಸುಮ್ಮನೆ ಕೂತು ಕಾಯುವ ಸ್ವಭಾವ ರಾಮಚಂದ್ರಪ್ಪನದಲ್ಲ. ಇದು ಊರತುಂಬೆಯೇ ಎಂದು ಈಗಿಂದೀಗಲೇ ತೋರಿಸಿದರೆ ಮುಗಿಯಿತು ಎನ್ನಿಸಿತು. ಕೆರೆ ಏರಿಗೆ ಹೋದ. ಅಲ್ಲಿ ತುಂಬೆ ಬಿತ್ತಿದ ಹಾಗೆ ಬೆಳೆದಿತ್ತು. ಒಂದು ತಬ್ಬು ಕಿತ್ತು ಹೆಗಲಿಗೆ ಹಾಕಿಕೊಂಡು ಬಂದು ಟೇಪಿನ ಮುಂದೆ ಸುರಿದ.

"ಪಕ್ಕದಲ್ಲಿ ಇಟ್ಟು ನೋಡ್ರಪ್ಪ ಈಗ. ಎರಡೂ ಒಂದೇನೋ ಅಲ್ವೋ."

ಎಲ್ಲರೂ ಬಗ್ಗಿ ನೋಡಿದರು. ರಾಮಚಂದ್ರಪ್ಪನೂ ನೋಡಿದ. ನೋಡುತ್ತಿದ್ದ ಹಾಗೆ ಅವನ ಮುಖ ಇಳಿಯಿತು. ಏರಿಯ ತುಂಬೆ ಬಿಸಿಲಿಗೆ ಕಾದು ಕಡ್ಡಿಯಾಗಿತ್ತು. ಎಲೆ ಹುಣಸೆ ಎಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅವನ ಜಾಗದ ತುಂಬೆ ತಿಪ್ಪೆಯ ಸಾರವನ್ನೂ ಪಾಪಕ್ಕನ ಪಾತ್ರೆಯ ನೀರನ್ನೂ ವರ್ಷವಿಡೀ ಕುಡಿದು ಮದುವೆಮನೆಯ ಅಡಿಗೆಭಟ್ಟನ ಹಾಗೆ ಉಬ್ಬಿತ್ತು. ಎಲೆ ಅಗಲವಾಗಿತ್ತು, ಕಾಂಡ ದಪ್ಪವಾಗಿತ್ತು. ಎಲೆಯ ಹಿಂದೆ ನವಿರೂ ಇತ್ತು.

"ಕಣ್ಣಿಲ್ಲದೋರ್ಗೂ ಕಾಣ್ತದೆ" ಎಂದಳು ಪಾಪಕ್ಕ. "ಎಲ್ಲಿ ಅದು, ಎಲ್ಲಿ ಇದು."

"ಗೊಬ್ಬರ ತಿಂದು ಅಂಗಾಗೈತೆ ಅಕ್ಕಾ."

"ಅಣ್ಣಾ, ತಿಂದ್ರೆ ಹೊಟ್ಟೆ ಬತ್ತದೆ, ಮುಖ ಬದಲಾಯ್ತದಾ" ಎಂದ ವಿಜಯಕುಮಾರ.

ವನಿತಾ ಮೇಡಂ ಎರಡು ಗಿಡಗಳನ್ನೂ ಪಕ್ಕಪಕ್ಕದಲ್ಲಿಟ್ಟು ಫೋಟೊ ತೆಗೆದು ಗುಂಪಿಗೆ ಹಾಕಿದರು. ಗುಂಪಿನಲ್ಲಿ ಬೆಳಿಗ್ಗೆ 'ಇರಬಹುದು' ಎಂದಿದ್ದವರು ಈಗ 'ಬಹುತೇಕ ಖಚಿತ' ಎಂದರು. ವಿಜಯಕುಮಾರ ಸುತ್ತ ಕಣ್ಣಾಡಿಸಿ, ಇಲ್ಲೊಂದು ತುಂಬೆವನ ಮಾಡಿದರೆ ಹೇಗೆ, ಆಚೆ ಕಡೆ ಎರಡು ಕಲ್ಲು ಬೆಂಚು, ಈ ಕಡೆ ಒಂದು ಬೋರ್ಡು ಎಂದು ಕೈಯಾಡಿಸಿ ತೋರಿಸತೊಡಗಿದ. ಬೋರ್ಡು ಬಂದದ್ದು ಸರಿಯಾಗಿ ಕೆಂದಿಯ ಗೋದಲಿಗೆ ಗುರುತು ಹಾಕಿದ್ದ ಕಡೆ.

ರಾಮಚಂದ್ರಪ್ಪನ ಹೆಂಡತಿ ಮುನಿನಾರಾಯಣಮ್ಮ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೆಚ್ಚು ಮಾತಿನ ಹೆಂಗಸಲ್ಲ.

"ನೀನು ಸುಮ್ಕಿದ್ದಿದ್ರೆ ಅದು ಒಂದು ಗಿಡ ಆಗಿತ್ತು" ಎಂದಳು. "ಈಗ ವನ ಆಯ್ತು."

ಆ ಮಾತು ರಾಮಚಂದ್ರಪ್ಪನಿಗೆ ನಾಟಿತು. ಕಲ್ಲುತುಂಬೆ, ಕಲ್ಲುತುಂಬೆ ಎಂದು ಬೆಳಿಗ್ಗೆಯಿಂದ ಕೂಗುತ್ತಿರುವ ಇವರಲ್ಲಿ ಒಬ್ಬರಾದರೂ ಅದನ್ನು ಕಣ್ಣಾರೆ ಕಂಡಿದ್ದಾರೆಯೇ. ಮೇಡಂ ಫೋನಿನಲ್ಲಿರುವ ಚಿತ್ರ ಬಿಟ್ಟರೆ ಇನ್ನೇನೂ ಇಲ್ಲ. ನಿಜವಾದ ಕಲ್ಲುತುಂಬೆಯನ್ನೇ ತಂದು ಇವರ ಮೂಗಿನ ಮುಂದೆ ಹಿಡಿದರೆ ಆಗ ಯಾರು ಏನನ್ನುತ್ತಾರೋ ನೋಡಬೇಕು.

"ಕುಪ್ಪಾ, ಮೈಸೂರು ಮೈನ್ಸ್ ಹಿಂದೆ ಬಂಡೆ ಅಂದ್ರಲ್ಲ, ಎಲ್ಲಿ ಅದು."

"ಬಂಡೆ ಗೊತ್ತು ಅಣ್ಣೇ. ಚಿಕ್ಕೋನಿದ್ದಾಗ ಅಲ್ಲೇ ಆಡ್ತಿದ್ವಿ. ಗಿಡ ಎಲ್ಲಾ ನಂಗೆ ತೆರಿಯಾದು, ಗೊತ್ತಿಲ್ಲ" ಎಂದ ಕುಪ್ಪುಸ್ವಾಮಿ. ಕರಣೆ ಟೇಪಿನ ಒಳಗಿತ್ತು, ಅವನಿಗೂ ಬೇರೆ ಕೆಲಸವಿರಲಿಲ್ಲ.

ರಾಮಚಂದ್ರಪ್ಪ ಮೇಡಂ ಹತ್ತಿರ ಕಲ್ಲುತುಂಬೆಯ ಚಿತ್ರವನ್ನು ತನ್ನ ಫೋನಿಗೆ ಹಾಕಿಸಿಕೊಂಡ. ನೋಡಕ್ಕೆ ಚೆನ್ನಾಗೈತೆ ಎಂದ, ಯಾಕೆಂದು ಹೇಳಲಿಲ್ಲ. ಇಬ್ಬರೂ ಟಿವಿಎಸ್ ಹತ್ತಿ ಹೊರಟರು.

ದಾರಿಯುದ್ದಕ್ಕೂ ರಾಮಚಂದ್ರಪ್ಪನದು ಒಂದೇ ಗೊಣಗಾಟ. ಹಸು ಸತ್ತರೆ ಕೇಳುವವರಿಲ್ಲ, ತುಂಬೆಗಿಡಕ್ಕೆ ಮೆಂಬರು, ಮೇಡಂ, ಡಾಕ್ಟರು. ಕುಪ್ಪುಸ್ವಾಮಿ ಆಮಾ ಅಣ್ಣೇ, ಆಮಾ ಅಣ್ಣೇ ಎಂದು ಹೂಂಗುಡುತ್ತಿದ್ದ. ಬಂಗಾರಪೇಟೆ ಬಂದ ಕೂಡಲೇ ಅವನು, ಹೊಟ್ಟೆಗೆ ಏನೂ ಬಿದ್ದಿಲ್ಲ, ಪಾನಿಪುರಿ ತಿನ್ನದೆ ಮುಂದಕ್ಕೆ ಬರುವುದಿಲ್ಲ ಎಂದ. ಆ ಊರಿನ ಹೆಸರಾದ ಬೆಳ್ಳನೆಯ ಪಾನಿ ಗಂಟಲಲ್ಲಿ ಇಳಿಯುತ್ತಿದ್ದಾಗಲೂ ರಾಮಚಂದ್ರಪ್ಪನ ಸಿಟ್ಟು ಇಳಿಯಲಿಲ್ಲ. ಪುರಿ ಕೊಡುವವನಿಗೂ ವಿಷಯ ಹೇಳಿದ. ಅವನು ತುಂಬೆ ಕೆಮ್ಮಿಗೆ ಒಳ್ಳೆಯದು ಎಂದು ಹೇಳಿ ಇನ್ನಷ್ಟು ಸಿಟ್ಟು ಬರಿಸಿದ.

ಮೈಸೂರು ಮೈನ್ಸ್ ತಲುಪಿದಾಗ ಬಿಸಿಲು ನೆತ್ತಿ ಮೇಲಿತ್ತು. ತುಕ್ಕು ಹಿಡಿದ ಗಣಿಯ ಗಾಲಿ ಮೇಲೆ ಹದ್ದು ಕೂತಿತ್ತು. ಗಣಿಯ ಮಣ್ಣು ಸುರಿದ ಬೋಳು ಗುಡ್ಡಗಳನ್ನು ಬಳಸಿಕೊಂಡು ಲಂಟಾನ ಪೊದೆಯೊಳಗೆ ನುಗ್ಗಿ ಇಬ್ಬರೂ ಬಂಡೆ ಹತ್ತಿದರು. ರಾಮಚಂದ್ರಪ್ಪನ ಪಂಚೆ ಮುಳ್ಳಿಗೆ ಸಿಕ್ಕಿ ಉದ್ದಕ್ಕೆ ಹರಿಯಿತು. ಫೋನಿನ ಚಿತ್ರ ಹಿಡಿದು ಸಂದು ಸಂದಿನಲ್ಲೂ ಹುಡುಕಿದರು. ಹುಲ್ಲಿತ್ತು, ಕಳ್ಳಿಯಿತ್ತು, ಆವರಿಕೆಯಿತ್ತು. ತುಂಬೆ ಮಾತ್ರ ಇರಲಿಲ್ಲ.

"ಇಲ್ಲೆ ಅಣ್ಣೇ. ಇದ್ದಿದ್ರೆ ಓದಿದೋರಿಗೆ ಸಿಗ್ತಿರಲಿಲ್ವಾ. ಓಗೋಣ ಬಾ" ಎಂದ ಕುಪ್ಪುಸ್ವಾಮಿ.

ಸಿಟ್ಟಿನಲ್ಲಿ ತಿರುಗಿದ ರಾಮಚಂದ್ರಪ್ಪನ ಕಾಲು ಜಾರಿತು. ಅಂಗಾತ ಬಿದ್ದು ಬಂಡೆಯ ಇಳಿಜಾರಿನಲ್ಲಿ ಸರ್ರನೆ ಜಾರುತ್ತ ಕೈಗೆ ಏನು ಸಿಕ್ಕಿದರೆ ಅದನ್ನು ಹಿಡಿದ. ಸಿಕ್ಕಿದ್ದು ಬಂಡೆಯ ಬಿರುಕಿನಲ್ಲಿದ್ದ ಒಂದು ಗಿಡ. ಗಿಡ ಗಟ್ಟಿಯಾಗಿತ್ತು, ಅವನು ನಿಂತ. ಉಸಿರು ಬಿಟ್ಟು ತಲೆ ಎತ್ತಿ ನೋಡಿದರೆ ಮೂಗಿನ ಮುಂದೆ ಬಿಳಿಯ ತುಂಬೆ ಹೂವು. ಎಲೆ ಅಗಲ. ಮಗುಚಿದರೆ ಎಲೆಯ ಹಿಂದೆ ವಿಭೂತಿ ಬಳಿದ ಹಾಗೆ ಬೂದಿ ಬಣ್ಣ. ಇದರ ಮುಂದೆ ತನ್ನ ಜಾಗದ ಗಿಡ ಏನೇನೂ ಅಲ್ಲ ಎಂದು ಅವನಿಗೂ ತಿಳಿಯಿತು.

"ಸಿಕ್ತು ಕಣೋ" ಎಂದ. ಬೆಳಿಗ್ಗೆಯಿಂದ ಮೊದಲ ಸಲ ನಕ್ಕ.

"ಒಂದು ಕೊಂಬೆ ಮುರ್ಕೋ ಅಣ್ಣೇ, ಸಾಕು."

"ಕೊಂಬೆ ತಗೊಂಡೋದ್ರೆ ಪಾಪಕ್ಕ ಏನಂತಾಳೆ ಗೊತ್ತಾ. ಅದು ಬೇರೆ ಯಾವ್ದೋ ಮರದ್ದು ಅಂತಾಳೆ. ಬೇರು ಸಮೇತ ಬೇಕು. ನೀನು ವಿಡಿಯೋ ತೆಗಿ. ಇಲ್ಲಾಂದ್ರೆ ಆ ಮೆಂಬರು ಇದನ್ನೂ ಕೆರೆ ಏರಿಯಿಂದ ತಂದೆ ಅಂತಾನೆ."

ಕುಪ್ಪುಸ್ವಾಮಿ ವಿಡಿಯೋ ತೆಗೆದ. ರಾಮಚಂದ್ರಪ್ಪ ಎರಡೂ ಕೈಯಲ್ಲಿ ಹಿಡಿದು ಎಳೆದ. ಗಿಡ ಬರಲಿಲ್ಲ. ಕಲ್ಲಿನಿಂದ ಬಿರುಕು ದೊಡ್ಡದು ಮಾಡಿ, ಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆದ. ಬಂತು. ಬೇರು ಬಾಲದ ಹಾಗೆ ಉದ್ದಕ್ಕಿತ್ತು, ತುದಿ ಮಾತ್ರ ಹರಿದು ಬಂಡೆಯಲ್ಲೇ ಉಳಿಯಿತು. ದೊಡ್ಡ ಮೀನು ಹಿಡಿದವನ ಹಾಗೆ ಗಿಡವನ್ನು ತಲೆಯ ಮೇಲೆತ್ತಿ ವಿಡಿಯೋಗೆ ತೋರಿಸಿ, ಊರು, ಹೆಸರು, ತಾನೇ ಸ್ವಂತ ಕೈಯಿಂದ ಕಿತ್ತದ್ದು ಎಂಬುದನ್ನು ಸ್ಪಷ್ಟವಾಗಿ ಹೇಳಿದ. ಹೆಗಲ ಟವೆಲು ನೆನೆಸಿ ಸುತ್ತಿಕೊಂಡ.

ಇಳಿದು ಬರುವಾಗ ಕಾವಲುಗಾರನೊಬ್ಬ ಅಡ್ಡ ಹಾಕಿದ. ಹರಿದ ಪಂಚೆ, ಮಣ್ಣಾದ ಮೈ, ಬಗಲಲ್ಲಿ ಬಟ್ಟೆಗಂಟು. ಚಿನ್ನದ ಮಣ್ಣು ಕದಿಯಲು ಬಂದವರೆಂದೇ ಅವನು ತಿಳಿದ. ಗಂಟು ಬಿಚ್ಚಿಸಿದ. ಬೇರಿನ ಮಣ್ಣು ಉಜ್ಜಿ ನೋಡಿದ. ಟಿವಿಎಸ್‌ನ ಸೀಟು ಎತ್ತಿಸಿದ. ಕುಪ್ಪುಸ್ವಾಮಿ ತಮಿಳಿನಲ್ಲಿ ತನ್ನ ತಾತ ಗಣಿಯ ಯಾವ ಶಾಫ್ಟಿನಲ್ಲಿ ಇಳಿಯುತ್ತಿದ್ದ ಎಂಬಲ್ಲಿಂದ ಹಿಡಿದು ವಂಶವನ್ನೆಲ್ಲ ವಿವರಿಸಿದ ಮೇಲೆ ಅವನು ಬಿಟ್ಟ.

"ಚಿನ್ನದ ಗಣಿಗೆ ಬಂದು ಕಳೆ ಕಿತ್ಕೊಂಡು ಓಗೋರನ್ನ ಇವತ್ತೇ ನೋಡಿದ್ದು" ಎಂದ ಕಾವಲುಗಾರ.

ಕಳೆಯನ್ನು ಕಳೆ ಎಂದು ಕರೆದ ಮನುಷ್ಯ ಅವತ್ತೆಲ್ಲ ಅವನೊಬ್ಬನೇ ಸಿಕ್ಕಿದ್ದು. ರಾಮಚಂದ್ರಪ್ಪನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಊರಿಗೆ ಬಂದಾಗ ಸುಮಿತಾ ಮೇಡಂ ಕಾರಿನಿಂದ ಇಳಿಯುತ್ತಿದ್ದರು. ಕತ್ತಿಗೆ ಭೂತಗನ್ನಡಿ ನೇತುಹಾಕಿಕೊಂಡ, ಹೆಚ್ಚು ನಗದ ಹೆಂಗಸು. ಜನ ಆಗಲೇ ಸೇರಿದ್ದರು. ಪಾಪಕ್ಕ ಸೀರೆ ಬದಲಾಯಿಸಿದ್ದಳು. ವಿಜಯಕುಮಾರ ಶರಟು ಬದಲಾಯಿಸಿದ್ದ. ರಾಮಚಂದ್ರಪ್ಪ ಗಂಟನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತ.

ಸುಮಿತಾ ಟೇಪು ದಾಟಿ ಗಿಡದ ಹತ್ತಿರ ಕೂತರು. ಒಂದು ಹೂ ಬಿಡಿಸಿ, ಅದರ ಬುಡಕ್ಕಿದ್ದ ಹಸಿರು ತೊಟ್ಟಿನ ಬಟ್ಟಲನ್ನು ಗಾಜಿನಲ್ಲಿ ನೋಡಿದರು. ಎಲೆ ಮಗುಚಿ ಬೆರಳಲ್ಲಿ ತಿಕ್ಕಿದರು. ಎದ್ದರು.

"ಊರತುಂಬೆ. ಗೊಬ್ಬರ ಚೆನ್ನಾಗಿ ಸಿಕ್ಕಿ ದಪ್ಪ ಬೆಳೆದಿದೆ."

"ಅಲ್ಲ ಮೇಡಂ, ಎಲೆ ಅಗಲ..." ಎಂದರು ವನಿತಾ.

"ಎಲೆ ನೋಡಿ ಮೋಸ ಹೋಗ್ಬೇಡಿ. ತೊಟ್ಟಿನ ಬಟ್ಟಲ ಬಾಯಿ ಓರೆಯಾಗಿದೆ ನೋಡಿ, ಅಂಚಿನ ಹಲ್ಲುಗಳು ಒಂದು ಸಮ ಇಲ್ಲ. ಕಲ್ಲುತುಂಬೇಲಿ ಬಾಯಿ ನೇರ, ಹಲ್ಲೆಲ್ಲಾ ಸಮ. ಇದು ರಸ್ತೆ ಪಕ್ಕದ್ದೇ. ಕಿತ್ರೂ ಏನೂ ನಷ್ಟ ಇಲ್ಲ."

ಆ ಮಾತು ರಾಮಚಂದ್ರಪ್ಪನ ಕಿವಿಗೆ ಓಲಗದ ಹಾಗೆ ಕೇಳಿಸಿತು. ಪಾಪಕ್ಕ ಒಳಗೆ ಹೋಗಿ ಕಿಟಕಿ ಹಾಕಿಕೊಂಡಳು. ವಿಜಯಕುಮಾರ ಟೇಪು ಸುತ್ತಿಕೊಳ್ಳತೊಡಗಿದ. ಕುಪ್ಪುಸ್ವಾಮಿ ಒಂದೇ ಏಟಿಗೆ ತುಂಬೆಗಿಡ ಎತ್ತಿ ಆಚೆ ಎಸೆದು, ಉಳಿದ ಮೂಲೆ ತೋಡಿ, ಪಾಯಕ್ಕೆ ಒಡೆದ ಕಲ್ಲು, ಮರಳು ಸುರಿಯಲು ಶುರುಮಾಡಿದ. ಬೆಳಕಿತ್ತು. ಬೇಗ ಬೇಗ ಮಾಡಿದರೆ ಗೋಡೆ ಎದ್ದು ಶೀಟು ಕೂರುವುದಕ್ಕೆ ಹೊತ್ತಿತ್ತು.

ರಾಮಚಂದ್ರಪ್ಪ ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಬೆಳಿಗ್ಗೆಯಿಂದ ನುಂಗಿಕೊಂಡ ಸಿಟ್ಟೆಲ್ಲ ಒಟ್ಟಿಗೆ ಮೇಲೆ ಬಂತು. ಹೊರಡಲು ತಿರುಗಿದ್ದವರನ್ನೆಲ್ಲ ನಿಲ್ಲಿಸಿದ.

"ಒಂದ್ನಿಮಿಷ ಇರ್ರಪ್ಪ. ಬೆಳಗಿಂದ ಎಲ್ಲಾರೂ ನನ್ನ ಕೊಲೆಗಾರನ್ನ ನೋಡ್ದಂಗೆ ನೋಡುದ್ರಿ. ಕಲ್ಲುತುಂಬೆ ಅಂದ್ರೆ ಏನು ಅಂತ ನಿಮ್ಮಲ್ಲಿ ಒಬ್ರಿಗೂ ಗೊತ್ತಿಲ್ಲ. ಪಂಚೆ ಅರ್ಕೊಂಡು, ಬಂಡೆ ಮೇಲೆ ಬಿದ್ದು ನಾನು ತಂದೀವ್ನಿ. ನೋಡ್ಕೊಳ್ಳಿ. ಇದು ಕಲ್ಲುತುಂಬೆ."

ಗಂಟು ಬಿಚ್ಚಿ ಗಿಡವನ್ನು ಎತ್ತಿ ಹಿಡಿದ.

ಸುಮಿತಾ ಮೇಡಂ ಕಾರಿನ ಬಾಗಿಲಿಗೆ ಕೈಯಿಟ್ಟಿದ್ದವರು ಹಾಗೇ ನಿಂತರು. ಆಮೇಲೆ ಹತ್ತಿರ ಬಂದರು. ಗಾಜನ್ನು ಕಣ್ಣಿಗೆ ಹಿಡಿದು ತೊಟ್ಟಿನ ಬಟ್ಟಲ ಹಲ್ಲುಗಳನ್ನು ಒಂದೊಂದಾಗಿ ಎಣಿಸಿದರು. ಬಹಳ ಹೊತ್ತು ನೋಡಿದರು.

"ಎಲ್ಲಿ ಸಿಕ್ತು."

"ಮೈಸೂರು ಮೈನ್ಸ್ ಬಂಡೇಲಿ."

"ಎಷ್ಟು ಗಿಡ ಇತ್ತು."

"ಒಂದೇ" ಎಂದ ರಾಮಚಂದ್ರಪ್ಪ ಹೆಮ್ಮೆಯಿಂದ. "ಬಂಡೆಯೆಲ್ಲಾ ಜಾಲಾಡಿದ್ವಿ. ಇನ್ನೊಂದಿಲ್ಲ."

"ಇದ್ದ ಒಂದನ್ನ ಬೇರು ಸಮೇತ ಕಿತ್ಕೊಂಡು ಬಂದ್ರಾ."

ಆಗ ಅವನಿಗೆ ಏನೋ ಎಡವಟ್ಟಾಗಿದೆ ಎಂದು ಮೊದಲ ಬಾರಿ ಅನ್ನಿಸಿತು. "ನಾನು... ಅದೇನೋ ಜಾರಿ..." ಎಂದು ಶುರುಮಾಡಿದ. ಆದರೆ ಕುಪ್ಪುಸ್ವಾಮಿ ಆಗಲೇ ಉತ್ಸಾಹದಿಂದ ವಿಡಿಯೋ ಹಾಕಿ ಮೇಡಂ ಕೈಗೆ ಕೊಟ್ಟಿದ್ದ. ಕಲ್ಲಿನಿಂದ ಕುಟ್ಟುವ ಸದ್ದು, ಹಲ್ಲು ಕಚ್ಚುವ ಮುಖ, ಕೊನೆಗೆ ಊರು, ಹೆಸರು, ಸ್ವಂತ ಕೈ ಎಲ್ಲವೂ ಎಲ್ಲರಿಗೂ ಕೇಳಿಸಿತು. ಪಾಪಕ್ಕನ ಕಿಟಕಿ ಮತ್ತೆ ತೆರೆಯಿತು.

"ಎಷ್ಟೋ ವರ್ಷದಿಂದ ಇದನ್ನ ಹುಡುಕ್ತಿದೀವಿ" ಎಂದರು ಸುಮಿತಾ. ಅವರ ಮುಖದಲ್ಲಿ ಅಳುವೂ ನಗುವೂ ಒಂದೇ ಜಾಗಕ್ಕೆ ಗುದ್ದಾಡುತ್ತಿದ್ದವು. "ನಾನೇ ಆ ಬಂಡೆಗೆ ನಾಲ್ಕಾರು ಸಲ ಹೋಗಿದೀನಿ. ಇನ್ನಿಲ್ಲ ಅಂತ ಬರೆದುಬಿಡೋದು ಅಂತಿದ್ವಿ. ಇತ್ತು. ಇವತ್ತು ಬೆಳಿಗ್ಗೆವರೆಗೆ ಇತ್ತು."

"ವಾಪಸ್ ಅಲ್ಲೇ ನೆಟ್ಟು ಬತ್ತೀನಿ ಮೇಡಂ. ಈಗ್ಲೇ."

"ಬೇರು ಹರಿದಿದೆ. ಬಂಡೆ ಮೇಲೆ ಬದುಕಲ್ಲ. ದಿನಾ ನೋಡೋರಿರಬೇಕು, ಆದ್ರೆ ನೀರು ನಿಲ್ಲಬಾರದು. ಒಡೆದ ಕಲ್ಲು, ಮರಳು ಇರಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನ ಗೋಡೆ ನೆರಳು. ಇನ್ನೊಂದು ಗಂಟೇಲಿ ನೆಡದಿದ್ರೆ ಹೋಯ್ತು."

ಹೇಳುತ್ತಲೇ ಅವರ ಕಣ್ಣು ಸುತ್ತ ತಿರುಗಿ ಒಂದು ಕಡೆ ನಿಂತಿತು. ವನಿತಾ ಅಲ್ಲಿ ನೋಡಿದರು. ವಿಜಯಕುಮಾರ ನೋಡಿದ. ಪಾಪಕ್ಕ ಕಿಟಕಿಯಿಂದ ಬಗ್ಗಿ ನೋಡಿದಳು. ಎಲ್ಲರ ಕೊನೆಗೆ ರಾಮಚಂದ್ರಪ್ಪ ನೋಡಿದ.

"ಅದು ನನ್ನ ಕೊಟ್ಟಿಗೆ ಪಾಯ ಮೇಡಂ."

"ಹೇಳಿ ಮಾಡಿಸಿದ ಜಾಗ" ಎಂದರು ಸುಮಿತಾ.

"ಬೇರೆ ಇನ್ಯಾರ ಜಾಗಾನೂ ಇಲ್ವಾ ಈ ಊರಲ್ಲಿ."

"ಇರಬಹುದು. ಆದ್ರೆ ಈ ವಿಡಿಯೋ ಅರಣ್ಯ ಇಲಾಖೆಯೋರು ನೋಡಿದ್ರೆ ಏನ್ ಮಾಡ್ತಾರೋ ನಾನು ಹೇಳಕ್ಕಾಗಲ್ಲ. ಕಿತ್ತೋರೇ ಕಾಪಾಡ್ತಿದಾರೆ ಅಂದ್ರೆ ನಾನೂ ನಾಲ್ಕು ಮಾತು ಹೇಳಬಹುದು. ಯೋಚನೆ ಮಾಡಿ."

ಯೋಚನೆ ಮಾಡಲು ಯಾರೂ ಬಿಡಲಿಲ್ಲ. ಸುಮಿತಾ ತಾವೇ ಗುಂಡಿಗಿಳಿದು ಗಿಡ ನೆಟ್ಟರು. ವಿಜಯಕುಮಾರ ಸುತ್ತಿಟ್ಟಿದ್ದ ಟೇಪು ಮತ್ತೆ ಬಿಚ್ಚಿದ. ಪಾಪಕ್ಕ ಹಿತ್ತಾಳೆ ಚೊಂಬಿನಲ್ಲಿ ನೀರು ತಂದಳು, ಈ ಸಲ ಪಾತ್ರೆ ತೊಳೆದದ್ದಲ್ಲ. ದನ ಬಾಯಿ ಹಾಕದ ಹಾಗೆ ಸುತ್ತ ಗಿಡ್ಡ ಗೋಡೆ ಬೇಕು ಎಂದರು ಸುಮಿತಾ. ಮಳೆ ನೀರು ಬೇರಿಗೆ ಬೀಳದ ಹಾಗೆ ಸದ್ಯಕ್ಕೆ ಮೇಲೊಂದು ಮರೆಯೂ ಬೇಕು ಎಂದರು.

"ಇಟ್ಟಿಗೆ ಐತೆ, ಕಂಬ ಐತೆ, ಶೀಟೂ ಐತೆ" ಎಂದ ಕುಪ್ಪುಸ್ವಾಮಿ, ಕರಣೆ ಸಿಕ್ಕಿದ ಖುಷಿಯಲ್ಲಿ.

"ಎಷ್ಟು ದಿನ ಮೇಡಂ ಇದು" ಎಂದು ಕೇಳಿದ ರಾಮಚಂದ್ರಪ್ಪ.

"ಬೇರು ಹಿಡೀಬೇಕು. ಬೀಜ ಬೀಳಬೇಕು. ಬೀಜ ಮೊಳೆತು ಮರಿಗಿಡ ಬರಬೇಕು. ಆಮೇಲೆ ನೋಡೋಣ. ಸುತ್ತಮುತ್ತ ಇನ್ನೇನೂ ಕಟ್ಟಬೇಡಿ ಆಯ್ತಾ, ಮರಿಗಿಡಕ್ಕೆ ಜಾಗ ಬೇಕಾಗುತ್ತೆ" ಎಂದು ಹೇಳಿ ಅವರು ಕಾರು ಹತ್ತಿದರು.

ಮುಸ್ಸಂಜೆಗೆ ಶೀಟು ಕೂತಿತು. ಕುಪ್ಪುಸ್ವಾಮಿ ಕೈಕಾಲು ತೊಳೆದುಕೊಂಡು ಬಂದು ದೂರ ನಿಂತು ತನ್ನ ಕೆಲಸವನ್ನು ನೋಡಿ ಮೆಚ್ಚಿಕೊಂಡ.

"ಅಳತೆ ಕರೆಕ್ಟಾಗಿ ಬಂದೈತೆ ಅಣ್ಣೇ. ಒಳಗೆ ಎರಡು ಹಸು ಆರಾಮಾಗಿ ನಿಲ್ಲಬಹುದು" ಎಂದ. ನಾಳೆ ಹೊಸೂರಿಗೆ ಹೋಗಬೇಕು ಎಂದು ಬಸ್ಸಿಗೆ ನಡೆದ.

ಅವನು ರಸ್ತೆ ಮುಟ್ಟುವಷ್ಟರಲ್ಲಿ ಮಳೆ ಹನಿಯಿತು. ಮುನಿನಾರಾಯಣಮ್ಮ ಹಸುಗಳನ್ನು ಮೆಟ್ಟಿಲು ಹತ್ತಿಸಿ ಮನೆಯ ಪಡಸಾಲೆಗೆ ಕಟ್ಟಿದಳು. ಗಂಡನ ಮಂಚವನ್ನು ಎತ್ತಿ ಗೋಡೆಗೆ ಒರಗಿಸಿದಳು. ಒಳಗೆ ಹೋಗಲು ನೋಡಿದ ರಾಮಚಂದ್ರಪ್ಪನಿಗೆ ಬಾಗಿಲ ತುಂಬ ಕೆಂದಿಯ ಬೆನ್ನು ಕಂಡಿತು.

ಹನಿ ದಪ್ಪವಾಯಿತು. ಅವನು ಓಡಿ ಹೋಗಿ ಹೊಸ ಶೀಟಿನ ಕೆಳಗೆ ನಿಂತು ತಲೆ ಒರೆಸಿಕೊಂಡ. ಕಿಟಕಿಯಲ್ಲಿ ಪಾಪಕ್ಕನ ಮುಖ ಕಾಣಿಸಿಕೊಂಡಿತು.

"ರಾಮಚಂದ್ರ, ಬೇರು ತುಳಿದೀಯಾ ಕಣ್ಲಾ. ಆಚೆ ನಿಂತ್ಕೋ."

ರಾಮಚಂದ್ರಪ್ಪ ಆಚೆ ನಿಂತುಕೊಂಡ.